ಬೆಂಚಿನ ಮೇಲೆ ಕೂತ ಓಟಗಾರ

ಮೊದಲೇ ಹೇಳಿಬಿಡ್ತೀನಿ, ಇದು ಅಮೆರಿಕನ್ ಫುಟ್‌ಬಾಲ್ ಬಗ್ಗೆ. ಅದು ಸಾಲದು ಅಂತ ಫ್ಯಾಂಟಸಿ ಫುಟ್‌ಬಾಲ್ ಬಗ್ಗೆ. ಅದರಲ್ಲೂ ಟೀಮಿನ ಹೀರೋ ಬಗ್ಗೆ ಅಲ್ಲ, ಹೀರೋಗೆ ಸುಸ್ತಾದಾಗ ಒಳಗೆ ಬರುವ ಎರಡನೇ ಓಟಗಾರನ ಬಗ್ಗೆ. ಇಷ್ಟಾದ ಮೇಲೂ ಓದ್ತಾ ಇದ್ದೀರಾ ಅಂದ್ರೆ ನಿಮಗೊಂದು ದೊಡ್ಡ ನಮಸ್ಕಾರ :-)

ನಾನು ಈ ಆಟಕ್ಕೆ ಬಿದ್ದಿದ್ದು 2023ರಲ್ಲಿ. ಆ ವರ್ಷ ಆಗಸ್ಟಿನಲ್ಲಿ ಕೆಲಸದ ಮೇಲೆ ಬಾಲ್ಟಿಮೋರ್ ಪಕ್ಕದ ಊರಿಗೆ ಬಂದೆ. ಬಂದ ಎರಡನೇ ವಾರಕ್ಕೆ ಆಫೀಸಿನಲ್ಲಿ ಒಂದು ಮೈಲ್ ಬಂತು: ಹತ್ತು ಜನರ ಲೀಗಿಗೆ ಒಬ್ಬ ಕಮ್ಮಿ ಇದ್ದಾನೆ, ಯಾರಾದ್ರೂ ಬರ್ತೀರಾ ಅಂತ. ಊರಿಗೆ ಹೊಸಬ, ಶನಿವಾರ ಭಾನುವಾರ ಮಾಡೋಕೆ ಕೆಲಸ ಇಲ್ಲ, ಊಟಕ್ಕೆ ಕೂತಾಗ ಎಲ್ಲರೂ ಮಾತಾಡೋದು ಇದನ್ನೇ. ನಾನೂ ಸೇರಿಕೊಂಡೆ. ಟೀಮಿಗೆ ‘ಹಾಸನ್ ಎಲಿಫೆಂಟ್ಸ್’ ಅಂತ ಹೆಸರಿಟ್ಟೆ. ಹಾಸನ ಅನ್ನೋದು ಯಾರೋ ಆಟಗಾರನ ಹೆಸರು ಅಂತ ಅವರೆಲ್ಲ ಅಂದುಕೊಂಡಿದ್ರು, ನಾನೂ ತಿದ್ದೋಕೆ ಹೋಗಲಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತಲ್ಲಿ ಆಟ ಹೇಳ್ತೀನಿ. ಒಂದೊಂದು ಕಡೆ ಹನ್ನೊಂದು ಜನ. ಚೆಂಡು ಇದ್ದವರಿಗೆ ನಾಲ್ಕು ಅವಕಾಶ, ಅಷ್ಟರೊಳಗೆ ಹತ್ತು ಯಾರ್ಡ್ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ರೆ ಚೆಂಡು ಎದುರಾಳಿಗೆ. ಕ್ವಾರ್ಟರ್‌ಬ್ಯಾಕ್ ಅನ್ನುವವನು ಚೆಂಡನ್ನು ಎಸೀಬಹುದು, ಅಥವಾ ಹಿಂದೆ ನಿಂತವನ ಹೊಟ್ಟೆಗೆ ಒತ್ತಿ ‘ಓಡು’ ಅನ್ನಬಹುದು. ಹಾಗೆ ಓಡುವವನು ರನ್ನಿಂಗ್ ಬ್ಯಾಕ್. ನಮ್ಮ ಕಬಡ್ಡಿಯ ರೈಡರ್ ಅಂದುಕೊಳ್ಳಿ. ವ್ಯತ್ಯಾಸ ಏನಂದ್ರೆ ಇವನಿಗೆ ವಾಪಸ್ ಬರುವ ಗೆರೆ ಇಲ್ಲ. ಮುಂದೆ ಹೋಗಿ ಹೋಗಿ ಯಾರೋ ನೂರೈವತ್ತು ಕೇಜಿಯವನು ಮೈಮೇಲೆ ಬೀಳುವವರೆಗೂ ಓಡಬೇಕು. ಒಂದು ಪಂದ್ಯದಲ್ಲಿ ಹದಿನೈದು ಇಪ್ಪತ್ತು ಸಲ ಹೀಗೆ.

ಇನ್ನು ಫ್ಯಾಂಟಸಿ. ನಮ್ಮಲ್ಲಿ ಡ್ರೀಮ್ ಇಲೆವೆನ್ ಗೊತ್ತಿಲ್ಲದವರು ಯಾರು (2025ರ ಆಗಸ್ಟಿನಲ್ಲಿ ಹೊಸ ಕಾನೂನು ಬಂದು ಅದರ ದುಡ್ಡಿನ ಆಟ ನಿಂತಿತು). ಆದರೆ ಅದು ಒಂದೊಂದು ಪಂದ್ಯಕ್ಕೆ ಒಂದೊಂದು ಟೀಮು. ಇಲ್ಲಿನದು ಇಡೀ ಸೀಸನ್ನಿನ ಸಂಸಾರ. ಶುರುವಿನಲ್ಲಿ ಎಲ್ಲರೂ ಕೂತು ಸರದಿ ಪ್ರಕಾರ ಆಟಗಾರರನ್ನು ಆರಿಸಿಕೊಳ್ತಾರೆ. ನೀವು ತಗೊಂಡವನು ಇನ್ನೊಬ್ಬನಿಗಿಲ್ಲ. ಹತ್ತು ಯಾರ್ಡ್ ಓಡಿದರೆ ಒಂದು ಪಾಯಿಂಟ್, ಟಚ್‌ಡೌನ್‌ಗೆ ಆರು. ವಾರಕ್ಕೊಬ್ಬರ ಮೇಲೆ ನಿಮ್ಮ ಪಂದ್ಯ. ಇದನ್ನು 1962ರಲ್ಲಿ ಶುರುಮಾಡಿದ್ದು ಓಕ್‌ಲ್ಯಾಂಡ್ ರೈಡರ್ಸ್ ತಂಡದಲ್ಲಿ ಪಾಲು ಇದ್ದ ಬಿಲ್ ವಿಂಕೆನ್‌ಬಾಕ್ ಅನ್ನುವವರು, ತಂಡದ ಜೊತೆ ನ್ಯೂಯಾರ್ಕಿಗೆ ಹೋದಾಗ ಹೋಟೆಲಿನಲ್ಲಿ ಕೂತು ಗೆಳೆಯರ ಜೊತೆ ನಿಯಮ ಬರೆದರಂತೆ. ಆಗ ಕಾಗದ, ಪೆನ್ಸಿಲ್, ಮಾರನೇ ದಿನದ ಪೇಪರ್. ಈಗ ಎಲ್ಲಾ ಮೊಬೈಲಿನಲ್ಲಿ.

ಪ್ರತಿ ಟೀಮಿಗೂ ಒಂದು ‘ಬೆಂಚ್’ ಇರುತ್ತೆ. ಬೆಂಚಿನಲ್ಲಿದ್ದವನು ಎಷ್ಟು ಓಡಿದರೂ ಆ ವಾರ ನಿಮಗೆ ಪಾಯಿಂಟ್ ಇಲ್ಲ. ಸಾಫ್ಟ್‌ವೇರಿನವರಿಗೆ ಈ ಶಬ್ದ ಕೇಳಿದ ಕೂಡಲೇ ಹೊಟ್ಟೆಯಲ್ಲಿ ಏನೋ ಆಗುತ್ತೆ ಅಲ್ವಾ? ಅದಕ್ಕೆ ಆಮೇಲೆ ಬರ್ತೀನಿ.

ಈ ಬೆಂಚನ್ನು ತುಂಬಿಸೋದರಲ್ಲೇ ಎಲ್ಲಾ ವಿದ್ಯೆ ಇರೋದು. ಮೊದಲ ಮೂರು ಸುತ್ತಿನಲ್ಲಿ ಯಾರನ್ನು ತಗೋಬೇಕು ಅಂತ ಎಲ್ಲರಿಗೂ ಗೊತ್ತು, ಅದಕ್ಕೆ ಪಟ್ಟಿಗಳಿವೆ. ಹನ್ನೆರಡು ಹದಿಮೂರನೇ ಸುತ್ತಿಗೆ ಬರುವ ಹೊತ್ತಿಗೆ ಉಳಿಯುವುದು ಎರಡು ಥರದ ರನ್ನಿಂಗ್ ಬ್ಯಾಕ್‌ಗಳು. ಒಂದು, ದಪ್ಪಗೆ ನಿಧಾನಕ್ಕೆ ಇರುವ, ಯಾವ ವಾರವೂ ನಾಲ್ಕು ಪಾಯಿಂಟಿಗಿಂತ ಹೆಚ್ಚು ಕೊಡದ, ಆದರೆ ನಾಲ್ಕಕ್ಕೆ ಮೋಸ ಮಾಡದ ನಂಬಿಕಸ್ಥ. ಇನ್ನೊಂದು, ಗಾಳಿಯಂತೆ ಓಡುವ, ಆದರೆ ಮೈದಾನಕ್ಕೆ ಇಳಿಸುತ್ತಾರೋ ಇಲ್ಲವೋ ಗೊತ್ತಿಲ್ಲದ ಹುಡುಗ. ನನಗೆ ಎರಡನೆಯವರ ಮೇಲೆ ಯಾಕೋ ಪ್ರೀತಿ.

ವೇಗವನ್ನು ಅಳೆಯೋಕೆ ಇವರಲ್ಲೊಂದು ಪದ್ಧತಿ ಇದೆ. ಕಾಲೇಜು ಮುಗಿಸಿದ ಆಟಗಾರರನ್ನು ಕರೆದು ನಲವತ್ತು ಯಾರ್ಡ್, ಅಂದ್ರೆ ಮೂವತ್ತಾರೂವರೆ ಮೀಟರ್, ಓಡಿಸ್ತಾರೆ. 4.5 ಸೆಕೆಂಡಿನ ಆಸುಪಾಸು ಬಂದರೆ ಪರವಾಗಿಲ್ಲ. 4.4ಕ್ಕಿಂತ ಕಮ್ಮಿ ಅಂದ್ರೆ ಎಲ್ಲರೂ ಪೆನ್ನು ಎತ್ತಿಕೊಳ್ತಾರೆ. 2008ರಲ್ಲಿ ಕ್ರಿಸ್ ಜಾನ್ಸನ್ ಅನ್ನುವವನು 4.24ರಲ್ಲಿ ಓಡಿದ, ಮುಂದಿನ ವರ್ಷವೇ 2,006 ಯಾರ್ಡ್ ಓಡಿ ಹೆಸರು ಮಾಡಿದ. ಅಲ್ಲಿಂದ ಈ ಗಡಿಯಾರದ ಹುಚ್ಚು ಇನ್ನೂ ಏರಿತು. ಆದರೆ 2014ರಲ್ಲಿ ಡ್ರೈ ಆರ್ಚರ್ ಅಂತ ಇನ್ನೊಬ್ಬ ಬಂದ, 4.26. ಪಿಟ್ಸ್‌ಬರ್ಗ್‌ನವರು ಮೂರನೇ ಸುತ್ತಿನಲ್ಲೇ ಕೊಂಡರು. ಎರಡು ಸೀಸನ್ ತುಂಬುವುದರೊಳಗೆ ಬಿಟ್ಟೂ ಬಿಟ್ಟರು. ಬರೀ ಓಟ ಇದ್ದರೆ ಆಗಲ್ಲ ಅನ್ನೋದಕ್ಕೆ ಈಗಲೂ ಅವನ ಹೆಸರೇ ಉದಾಹರಣೆ, ಪಾಪ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶಕ್ಕೆ ದೇಶವೇ ಬೋಲ್ಟ್ ಜೊತೆ ಲೆಕ್ಕ ಹಾಕಿದ್ದು ನೆನಪಿದೆಯಲ್ಲ? ಕೋಣದ ಜೊತೆ ಕೆಸರಿನ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಅಂತ ಅವರೇ ನಯವಾಗಿ ಹೇಳಿ ಸುಮ್ಮನಾದರು. ಇಲ್ಲೂ ಅಷ್ಟೇ. ಟ್ರ್ಯಾಕಿನಲ್ಲಿ ಓಡುವಾಗ ಯಾರೂ ಬಂದು ಮಂಡಿಗೆ ಗುದ್ದಲ್ಲ.

ಸರಿ, ನನ್ನ ಹುಡುಗನ ವಿಷಯಕ್ಕೆ ಬರ್ತೀನಿ. ಹೆಸರು ಕೀಟನ್ ಮಿಚೆಲ್. ಓದಿದ್ದು ಈಸ್ಟ್ ಕೆರೊಲಿನಾ, ಮೇಲೆ ಹೇಳಿದ ಕ್ರಿಸ್ ಜಾನ್ಸನ್ ಓದಿದ ಕಾಲೇಜೇ. 2022ರಲ್ಲಿ ಕಾಲೇಜಿಗೆ 1,452 ಯಾರ್ಡ್ ಓಡಿದ್ದ. ನಲವತ್ತು ಯಾರ್ಡಿಗೆ 4.37. ಆದರೂ 2023ರ ಡ್ರಾಫ್ಟಿನಲ್ಲಿ 259 ಜನರನ್ನು ಆರಿಸಿದಾಗ ಇವನ ಹೆಸರು ಯಾರೂ ಕೂಗಲಿಲ್ಲ. ಕಾರಣ ಮೈಕಟ್ಟು. ಐದಡಿ ಎಂಟಿಂಚು, ಎಂಬತ್ತು ಚಿಲ್ಲರೆ ಕೇಜಿ. ನನಗಿಂತ ಗಿಡ್ಡ! ಈ ಆಟದಲ್ಲಿ ಅದು ಮಗುವಿನ ಸೈಜು.

ಅವನನ್ನು ಕರೆದುಕೊಂಡಿದ್ದು ಬಾಲ್ಟಿಮೋರ್ ರೇವನ್ಸ್. ಇದಕ್ಕೊಂದು ಮನೆಯ ಕಥೆಯೂ ಇದೆ. ಅವನ ಅಪ್ಪ ಆಂಥೊನಿ ಮಿಚೆಲ್ ಇದೇ ರೇವನ್ಸ್‌ಗೆ ಆಡಿದವರು. 2001ರ ಜನವರಿಯಲ್ಲಿ ಟೆನೆಸ್ಸಿ ವಿರುದ್ಧದ ಪ್ಲೇಆಫ್‌ನಲ್ಲಿ ಎದುರಾಳಿಯ ಫೀಲ್ಡ್ ಗೋಲ್ ತಡೆದಾಗ ಪುಟಿದ ಚೆಂಡು ಇವರ ಕೈಗೆ ಬಂತು, ತೊಂಬತ್ತು ಯಾರ್ಡ್ ಓಡಿ ಟಚ್‌ಡೌನ್ ಮಾಡಿದರು. ಆ ವರ್ಷ ರೇವನ್ಸ್ ಸೂಪರ್‌ಬೌಲ್ ಗೆದ್ದಿತು. ನಮ್ಮ ಆಫೀಸಿನ ಟೆಸ್ಟಿಂಗ್ ಲೀಡ್ ಬಾಲ್ಟಿಮೋರಿನಲ್ಲೇ ಹುಟ್ಟಿ ಬೆಳೆದವರು. ಆ ತೊಂಬತ್ತು ಯಾರ್ಡನ್ನು ಕಾಫಿ ಮೆಷಿನ್ ಪಕ್ಕ ನಿಂತು ಹೆಜ್ಜೆ ಹೆಜ್ಜೆಯಾಗಿ ವಿವರಿಸ್ತಾರೆ, ನಮ್ಮಪ್ಪ ಚಿನ್ನಸ್ವಾಮಿಯಲ್ಲಿ ನೋಡಿದ ಟೆಸ್ಟ್ ಮ್ಯಾಚ್ ಹೇಳಿದ ಹಾಗೆ. “ಅವರ ಮಗ ಬಂದಿದ್ದಾನೆ ನೋಡು, ಕಣ್ಣಿಟ್ಟಿರು” ಅಂತ ಸೆಪ್ಟೆಂಬರಿನಲ್ಲೇ ನನಗೆ ಹೇಳಿದ್ದು ಅವರೇ. (ಲೀಗಿನಲ್ಲಿ ಎದುರಾಳಿಗೆ ಇಂಥ ಸುಳಿವು ಕೊಡುವ ಒಳ್ಳೆ ಜನ ಇನ್ನೂ ಇದ್ದಾರೆ.)

ಆದರೆ ಆಗ ಅವನು ಭುಜದ ಪೆಟ್ಟಿನಿಂದ ಮನೆಯಲ್ಲಿದ್ದ. ಸರದಿಯಲ್ಲಿ ಅವನ ಮುಂದೆ ಮೂವರಿದ್ದರು. ಮೊದಲನೆಯವನು ಜೆ.ಕೆ. ಡಾಬಿನ್ಸ್. 2021ರ ಸೀಸನ್ ಪೂರ್ತಿ ಮಂಡಿ ಪೆಟ್ಟಿಗೆ ಕಳಕೊಂಡು ಬಂದವನು. 2023ರ ಮೊದಲ ಪಂದ್ಯದಲ್ಲೇ ಹಿಮ್ಮಡಿಯ ಸ್ನಾಯು ಹರಿದುಕೊಂಡ. ಎರಡನೆಯವನು ಗಸ್ ಎಡ್ವರ್ಡ್ಸ್, ದಪ್ಪ, ನಂಬಿಕಸ್ಥ. ಇವನೂ ಅದೇ 2021ರಲ್ಲಿ ಮಂಡಿ ಕಳಕೊಂಡವನೇ! ಒಂದೇ ತಂಡದ ಇಬ್ಬರು, ಹೆಚ್ಚುಕಮ್ಮಿ ಎರಡು ವಾರದ ಅಂತರದಲ್ಲಿ. ಮೂರನೆಯವನು ಜಸ್ಟಿಸ್ ಹಿಲ್. ಇವನ ಬಗ್ಗೆ ಆಮೇಲೆ ಹೇಳ್ತೀನಿ, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ, ಆದರೆ ಎಲ್ಲವನ್ನೂ ನಿರ್ಧರಿಸುವ ಮನುಷ್ಯ.

ನವೆಂಬರ್ 5, 2023. ಸಿಯಾಟಲ್ ವಿರುದ್ಧ ಪಂದ್ಯ. ಮಿಚೆಲ್ ಕೈಗೆ ಚೆಂಡು ಸಿಕ್ಕಿದ್ದು ಒಂಬತ್ತೇ ಸಲ. ಓಡಿದ್ದು 138 ಯಾರ್ಡ್. ಒಂದು ಸಲ ನಲವತ್ತು ಯಾರ್ಡ್ ಓಡಿ ಟಚ್‌ಡೌನ್. ರೇವನ್ಸ್ 37-3ರಿಂದ ಗೆದ್ದಿತು. ಆ ಓಟ ನೋಡಬೇಕಿತ್ತು ನೀವು. ಎಡಕ್ಕೆ ಎರಡು ಹೆಜ್ಜೆ, ಒಂದು ಕ್ಷಣ ನಿಂತ ಹಾಗೆ ಕಾಣುತ್ತೆ, ಆಮೇಲೆ ಉಳಿದವರೆಲ್ಲ ನಿಂತಿದ್ದಾರೆ, ಇವನೊಬ್ಬ ಹೋಗ್ತಾ ಇದ್ದಾನೆ. ಕ್ಯಾಮೆರಾದವನಿಗೂ ತಿರುಗಿಸೋಕೆ ಟೈಮ್ ಸಾಕಾಗಲಿಲ್ಲ ಅನ್ನಿಸಿತು.

ಮಂಗಳವಾರ ರಾತ್ರಿ ಬಿಡ್ಡಿಂಗ್. ಪ್ರತಿಯೊಬ್ಬರಿಗೂ ಇಡೀ ಸೀಸನ್ನಿಗೆ ನೂರು ಸುಳ್ಳು ಡಾಲರ್ ಇರುತ್ತೆ, ಯಾರ ಟೀಮಿನಲ್ಲೂ ಇಲ್ಲದ ಆಟಗಾರರನ್ನು ಅದರಲ್ಲಿ ಕೊಳ್ಳಬೇಕು. ನಾನು ಮೂವತ್ತೊಂದು ಹಾಕಿದೆ. ಎರಡನೆಯವರು ಇಪ್ಪತ್ತೆಂಟು. ಬೆಳಿಗ್ಗೆ ಎದ್ದು ನೋಡಿದರೆ ಹುಡುಗ ಹಾಸನದ ಪಾಲಾಗಿದ್ದ!

ಈಗ ನಿಜವಾದ ಲೆಕ್ಕಾಚಾರ. ಇಂಥ ವೇಗದ ಎರಡನೇ ಓಟಗಾರನಿಂದ ಏನು ನಿರೀಕ್ಷಿಸಬಹುದು? ಆ ವಾರ ಜಾಲತಾಣಗಳೆಲ್ಲ ಅವನ ಸರಾಸರಿ ಹಿಡಿದು ಕುಣೀತಾ ಇದ್ದವು. ಒಂದು ಓಟಕ್ಕೆ ಎಂಟು, ಒಂಬತ್ತು, ಹತ್ತು ಯಾರ್ಡ್ ಅಂತ. ಲೀಗಿನಲ್ಲಿ ನಾಲ್ಕೂವರೆ ಬಂದರೆ ಒಳ್ಳೆ ಓಟಗಾರ. ಇಂಥ ಸರಾಸರಿ ಉಳಿಯಲ್ಲ ಅನ್ನೋದು ಸ್ಟ್ಯಾಟಿಸ್ಟಿಕ್ಸ್ ಪೇಪರ್ ಬರೆದ ಯಾವ ಇಂಜಿನಿಯರಿಗೂ ಗೊತ್ತು. ಬಾಲ ಉದ್ದ ಇರುವ ಡೇಟಾ ಇದು. ಒಂಬತ್ತು ಓಟದಲ್ಲಿ ಎರಡು ಉದ್ದ ಓಟ ತೆಗೆದುಬಿಡಿ, ಉಳಿದಿದ್ದು ಸಾಧಾರಣ. ಆದರೆ ವೇಗದವನನ್ನು ಇಟ್ಟುಕೊಳ್ಳೋದೇ ಆ ಎರಡು ಓಟಕ್ಕೆ! ಅದನ್ನು ತೆಗೆದು ಲೆಕ್ಕ ಹಾಕೋದು ಅಂದ್ರೆ ಸೆಹ್ವಾಗ್ ಸ್ಕೋರಿನಿಂದ ಬೌಂಡರಿ ತೆಗೆದು ನೋಡಿದ ಹಾಗೆ. ನನ್ನ ಮಟ್ಟಿಗೆ ಸರಾಸರಿ ಬಿಡಿ, ಚೆಂಡು ಎಷ್ಟು ಸಲ ಕೈಗೆ ಸಿಗುತ್ತೆ ಅನ್ನೋದೊಂದೇ ನೋಡಬೇಕು.

ಅಲ್ಲೇ ಇರೋದು ಕಷ್ಟ. ಚಿಕ್ಕ ಓಟಗಾರನಿಗೆ ಚೆಂಡು ಸಿಗದಿರೋದಕ್ಕೆ ಎರಡು ಕಾರಣ. ಮೊದಲನೆಯದು, ಗೋಲ್ ಗೆರೆ ಒಂದು ಯಾರ್ಡ್ ದೂರ ಇದ್ದಾಗ ಅಲ್ಲಿ ವೇಗಕ್ಕೆ ಜಾಗ ಇಲ್ಲ. ಹತ್ತಾರು ಜನ ಗುಡ್ಡೆ ಬಿದ್ದಿರ್ತಾರೆ, ನುಗ್ಗುವ ದಪ್ಪಗಿನವನು ಬೇಕು. ಗಸ್ ಎಡ್ವರ್ಡ್ಸ್ ಆ ವರ್ಷ ಹದಿಮೂರು ಟಚ್‌ಡೌನ್ ಮಾಡಿದ್ದು ಹೀಗೇ. ಮಿಚೆಲ್ ಐವತ್ತು ಯಾರ್ಡ್ ಓಡಿ ಚೆಂಡನ್ನು ಗೆರೆಯ ಹತ್ತಿರ ತಂದಿಡಬೇಕು, ಎಡ್ವರ್ಡ್ಸ್ ಬಂದು ಒಂದು ಯಾರ್ಡ್ ತಳ್ಳಿ ಆರು ಪಾಯಿಂಟ್ ತಗೊಂಡು ಹೋಗಬೇಕು. ಫ್ಯಾಂಟಸಿಯವರು ಇಂಥವರನ್ನು ರಣಹದ್ದು ಅಂತಾರೆ. ನಮ್ಮ ಆಫೀಸುಗಳಲ್ಲಿ ಆರು ತಿಂಗಳು ಯಾರೋ ಬರೆದ ಕೋಡನ್ನು ಕೊನೇ ದಿನ ಡೆಮೋ ಕೊಟ್ಟು ಹೆಸರು ತಗೊಳ್ಳುವವರಿಗೆ ಏನಂತಾರೆ ಅಂತ ನಾನು ಇಲ್ಲಿ ಬರೆಯಲ್ಲ.

ಎರಡನೆಯದು ತಡೆಯುವ ಕೆಲಸ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯೋಕೆ ನಿಂತಾಗ ರನ್ನಿಂಗ್ ಬ್ಯಾಕ್ ಅವನ ಪಕ್ಕ ಕಾವಲು ನಿಲ್ಲಬೇಕು. ಎದುರಿನಿಂದ ನೂರು ನೂರಹತ್ತು ಕೇಜಿಯವನು ಪೂರ್ತಿ ವೇಗದಲ್ಲಿ ಬರ್ತಾನೆ, ಅವನಿಗೆ ಎದೆ ಕೊಡಬೇಕು. ಯಾರು ಎಲ್ಲಿಂದ ಬರ್ತಾನೆ ಅಂತ ಅರ್ಧ ಸೆಕೆಂಡಿನಲ್ಲಿ ಓದಬೇಕು. ಆ ವರ್ಷ ರೇವನ್ಸ್‌ನ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್, ಲೀಗಿನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡವನು. ಅಂಥವನ ಪ್ರಾಣವನ್ನು ಎಂಬತ್ತು ಕೇಜಿ ಹುಡುಗನ ಕೈಗೆ ಯಾವ ಕೋಚ್ ಕೊಡ್ತಾನೆ? ಇಲ್ಲಿ ಬರೋದು ಜಸ್ಟಿಸ್ ಹಿಲ್. ಅವನಿಗೆ ಈ ಕೆಲಸ ಬರುತ್ತೆ. ಹಾಗಾಗಿ ಮೂರನೇ ಅವಕಾಶ, ಎಸೆಯಲೇಬೇಕಾದ ಹೊತ್ತು, ಅಂದ್ರೆ ಹಿಲ್ ಒಳಗೆ, ಮಿಚೆಲ್ ಹೊರಗೆ. ಪಾಯಿಂಟ್ ಪಟ್ಟಿಯಲ್ಲಿ ಈ ತಡೆಯುವಿಕೆಗೆ ಸೊನ್ನೆ. ಆದರೆ ಮೈದಾನದಲ್ಲಿ ಯಾರಿರಬೇಕು ಅಂತ ತೀರ್ಮಾನ ಆಗೋದು ಅದರಿಂದಲೇ. ಆಗಸ್ಟಿನ ಪ್ರಾಕ್ಟೀಸ್ ಪಂದ್ಯಗಳಲ್ಲಿ ಎಲ್ಲರೂ ಉದ್ದ ಓಟ ನೋಡಿ ಶಿಳ್ಳೆ ಹೊಡೀತಾರೆ. ನಾನು ಈಗೀಗ ಚೆಂಡು ಬೇರೆಯವರ ಕೈಯಲ್ಲಿದ್ದಾಗ ಆ ಹುಡುಗ ಎಲ್ಲಿ ನಿಂತಿದ್ದಾನೆ ಅಂತ ನೋಡ್ತೀನಿ.

ಹಾಗಿದ್ದರೆ ಇಂಥವರನ್ನು ಇಟ್ಟುಕೊಳ್ಳೋದು ಯಾಕೆ? ಯಾಕಂದ್ರೆ ಅವಕಾಶ ಸಿಕ್ಕ ದಿನ ಬೇರೆ ಯಾರೂ ಕೊಡದಷ್ಟು ಕೊಡ್ತಾರೆ. ಜಮಾಲ್ ಚಾರ್ಲ್ಸ್ ಅಂತ ಕಾನ್ಸಾಸ್ ಸಿಟಿಯಲ್ಲಿ ಒಬ್ಬನಿದ್ದ. 2008ರಲ್ಲಿ ಬಂದವನು ಲ್ಯಾರಿ ಜಾನ್ಸನ್ ಹಿಂದೆ ಕೂತಿದ್ದ. 2009ರ ನವೆಂಬರಿನಲ್ಲಿ ಜಾನ್ಸನ್ನನ್ನು ತಂಡದಿಂದ ತೆಗೆದರು. ಚಾರ್ಲ್ಸ್ ಉಳಿದ ಅರ್ಧ ಸೀಸನ್ನಿನಲ್ಲೇ ಓಡಿ ಓಡಿ ವರ್ಷದ ಲೆಕ್ಕವನ್ನು 1,120 ಯಾರ್ಡಿಗೆ ತಂದ, ಕೊನೇ ಪಂದ್ಯವೊಂದರಲ್ಲೇ 259. ಮುಂದಿನ ವರ್ಷ ಇನ್ನೊಬ್ಬ ಹಿರಿಯನ ಜೊತೆ ಹಂಚಿಕೊಂಡು ಆಡಿಯೂ 1,467 ಯಾರ್ಡ್.

ಆದರೆ ನನಗೆ ಚಾರ್ಲ್ಸ್‌ಗಿಂತ ಹತ್ತಿರದವನು ರಹೀಮ್ ಮೋಸ್ಟರ್ಟ್. ಇವನನ್ನೂ 2015ರಲ್ಲಿ ಯಾರೂ ಡ್ರಾಫ್ಟ್ ಮಾಡಲಿಲ್ಲ. ಫಿಲಡೆಲ್ಫಿಯಾ, ಮಯಾಮಿ, ಬಾಲ್ಟಿಮೋರ್, ಕ್ಲೀವ್‌ಲ್ಯಾಂಡ್, ನ್ಯೂಯಾರ್ಕ್ ಜೆಟ್ಸ್, ಶಿಕಾಗೋ. ಆರು ತಂಡಗಳು ಕರೆದು, ಕೂರಿಸಿ, ಕಳಿಸಿದವು. ಯಾವ ಯಾವ ತಾರೀಕಿಗೆ ಯಾರು ಯಾರು ತೆಗೆದರು ಅಂತ ಬರೆದಿಟ್ಟುಕೊಂಡು ಪ್ರತಿ ಪಂದ್ಯಕ್ಕೂ ಮುಂಚೆ ಆ ಪಟ್ಟಿ ಓದ್ತಿದ್ದನಂತೆ. ಏಳನೆಯ ತಂಡ ಸ್ಯಾನ್ ಫ್ರಾನ್ಸಿಸ್ಕೋ. ಅಲ್ಲೂ ಮೊದಲು ಬರೀ ಕಿಕ್ ಹೊಡೆದಾಗ ಹಿಂದೆ ಓಡುವ ಕೆಲಸ. 2020ರ ಜನವರಿ 19, ಸೂಪರ್‌ಬೌಲ್‌ಗೆ ಹೋಗುವ ಪಂದ್ಯ, ಗ್ರೀನ್ ಬೇ ವಿರುದ್ಧ. ಜೊತೆಯ ಓಟಗಾರ ಟೆವಿನ್ ಕೋಲ್ಮನ್ ಎರಡನೇ ಕ್ವಾರ್ಟರಿನಲ್ಲಿ ಭುಜದ ಪೆಟ್ಟು ತಿಂದು ಹೊರಗೆ ಹೋದ. ಮೋಸ್ಟರ್ಟ್ 29 ಸಲ ಓಡಿ 220 ಯಾರ್ಡ್, ನಾಲ್ಕು ಟಚ್‌ಡೌನ್. ಆಗ ಅವನಿಗೆ ಇಪ್ಪತ್ತೇಳು. ಈ ಆಟದ ಲೆಕ್ಕದಲ್ಲಿ ಓಟಗಾರನಿಗೆ ಇಪ್ಪತ್ತೇಳು ಅಂದ್ರೆ ಸಂಜೆ ಆಯ್ತು ಅಂತ. 2023ರಲ್ಲಿ, ಮೂವತ್ತೊಂದರಲ್ಲಿ, ಮೊದಲು ತನ್ನನ್ನು ಕಳಿಸಿದ್ದ ಅದೇ ಮಯಾಮಿಗೆ ಆಡುತ್ತಾ ಓಡಿಯೇ ಹದಿನೆಂಟು ಟಚ್‌ಡೌನ್ ಹೊಡೆದ, ಲೀಗಿಗೇ ಹೆಚ್ಚು.

ಅಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಅವರಿಗೆ ಆಟ ಗೊತ್ತಿಲ್ಲ, ಆದರೆ ಕಥೆ ಗೊತ್ತಾಯ್ತು. “ನಮ್ಮ ಕಿರ್ಮಾನಿ ಥರ ಬಿಡು” ಅಂದರು. ಸಯ್ಯದ್ ಕಿರ್ಮಾನಿ 1971ರಲ್ಲಿ ಇಂಗ್ಲೆಂಡಿಗೆ ಹೋದರು, ಎಂಜಿನಿಯರ್ ಹಿಂದೆ ಎರಡನೇ ಕೀಪರ್ ಆಗಿ. 1974ರಲ್ಲೂ ಹೋದರು, ಮತ್ತೆ ಎರಡನೇ ಕೀಪರ್. ಮೊದಲ ಟೆಸ್ಟ್ ಸಿಕ್ಕಿದ್ದು 1976ರಲ್ಲಿ. “ಐದು ವರ್ಷ ಗ್ಲೌಸ್ ಒಗೆದು ಇಟ್ಟುಕೊಂಡು ಕಾದ್ರು ಕಣೋ, ಆಮೇಲೆ ಎಂಬತ್ತೆಂಟು ಟೆಸ್ಟ್” ಅಂತ ಅಪ್ಪ. ಆದರೆ ಕೀಪರಿಗೆ ಕಾಯೋಕೆ ಟೈಮ್ ಇರುತ್ತೆ. ಓಟಗಾರನ ಕಾಲು ಕಾಯಲ್ಲ.

ಈಗ ಆಗಲೇ ಹೇಳಿದ ಬೆಂಚಿಗೆ ಬರ್ತೀನಿ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಸೇರಿದ ಮೊದಲ ಕಂಪನಿಯಲ್ಲಿ ಟ್ರೈನಿಂಗ್ ಆದ ಮೇಲೆ ಐದು ತಿಂಗಳು ನಾನು ಬೆಂಚಿನಲ್ಲಿದ್ದೆ. ಬೆಳಿಗ್ಗೆ ಹೋಗಿ ಕಾರ್ಡ್ ಸ್ವೈಪ್ ಮಾಡೋದು, ಲೈಬ್ರರಿಯಲ್ಲಿ ಕೂತು ಜಾವಾ ಓದೋದು, ಸಂಜೆ ವಾಪಸ್. ಸಂಬಳ ಬರ್ತಿತ್ತು, ಆದರೂ ಊರಿನವರು ‘ಏನು ಕೆಲಸ’ ಅಂತ ಕೇಳಿದರೆ ಬೆವರು. ನನ್ನ ಪಕ್ಕ ಕೂತಿದ್ದ ಇಬ್ಬರು ಕಾದು ಕಾದು ಬಿಟ್ಟೇ ಹೋದರು. ಆರನೇ ತಿಂಗಳು ಒಂದು ಪ್ರಾಜೆಕ್ಟಿನ ಸೀನಿಯರ್ ಒಬ್ಬರು ರಾತ್ರಿ ಬೈಕಿನಲ್ಲಿ ಹಳ್ಳಕ್ಕೆ ಬಿದ್ದು ಕಾಲು ಮುರಿದುಕೊಂಡರು. ಮಾರನೇ ದಿನ ಹನ್ನೊಂದು ಗಂಟೆಗೆ ನನಗೆ ಫೋನ್. ಮಧ್ಯಾಹ್ನ ಅವರ ಸೀಟಿನಲ್ಲಿ ಕೂತಿದ್ದೆ.

ಆ ದಿನ ನನಗಾದ ಖುಷಿ ಹೇಗಿತ್ತು ಅಂತ ಬರೆಯೋಕೆ ಈಗಲೂ ಸ್ವಲ್ಪ ಸಂಕೋಚ. ಅಮ್ಮನಿಗೆ ಫೋನ್ ಮಾಡಿ ಪ್ರಾಜೆಕ್ಟ್ ಸಿಕ್ತು ಅಂದೆ. ಹೇಗೆ ಸಿಕ್ತು ಅಂತ ಅಮ್ಮ ಕೇಳಲಿಲ್ಲ, ದೇವರಿಗೆ ತುಪ್ಪದ ದೀಪ ಹಚ್ಚಿದರು. ವಾರದ ಮೇಲೆ ಟೀಮಿನವರ ಜೊತೆ ಆಸ್ಪತ್ರೆಗೆ ಹೋದೆ. ಕಾಲನ್ನು ಮೇಲಕ್ಕೆ ಕಟ್ಟಿದ್ದರು. ನಾನು ಹಿಂದೆ ನಿಂತಿದ್ದೆ. ಅವರೇ ಕರೆದು, “ಏನಪ್ಪಾ, ನನ್ನ ಸೀಟಲ್ಲಿ ಕೂತಿರೋದು ನೀನಂತೆ? ಕೆಳಗಿನ ಡ್ರಾಯರಲ್ಲಿ ಚಕ್ಲಿ ಡಬ್ಬ ಇದೆ, ಮೆತ್ತಗಾಗೋಕೆ ಮುಂಚೆ ತಿಂದ್ಬಿಡಿ” ಅಂದರು. ಎಲ್ಲರೂ ನಕ್ಕರು. ಮೂರು ತಿಂಗಳ ಮೇಲೆ ಅವರು ವಾಪಸ್ ಬಂದಾಗ ಅವರಿಗೆ ಬೇರೆ ಪ್ರಾಜೆಕ್ಟ್ ಕೊಟ್ಟರು, ಅವರಿಗೆ ಅಷ್ಟು ಇಷ್ಟವಿಲ್ಲದ್ದು. ನಾನು ಇಲ್ಲಿಗೆ ಬಂದಿದ್ದು ಅದೇ ಸೀಟಿನಿಂದ ಹತ್ತಿಕೊಂಡು.

ಫ್ಯಾಂಟಸಿಯಲ್ಲಿ ಇದಕ್ಕೊಂದು ಶಬ್ದವೇ ಇದೆ. ನಿಮ್ಮ ಮುಖ್ಯ ಓಟಗಾರನ ಹಿಂದಿನವನನ್ನೂ ನೀವೇ ತಗೊಂಡಿಟ್ಟುಕೊಂಡರೆ ಅವನಿಗೆ ಹ್ಯಾಂಡ್‌ಕಫ್ ಅಂತಾರೆ, ಕೈಕೋಳ. ಒಬ್ಬ ಬಿದ್ದರೆ ಇನ್ನೊಬ್ಬ ತಯಾರು. ಬೇರೆಯವರ ಓಟಗಾರನ ಹಿಂದಿನವನನ್ನು ತಗೊಂಡರೆ? ಆಗ ನೀವು ಬಾಯಿಬಿಟ್ಟು ಹೇಳದಿದ್ರೂ ಕಾಯ್ತಾ ಇರೋದು ಏನಕ್ಕೆ ಅಂತ ಎಲ್ಲರಿಗೂ ಗೊತ್ತು. ಮೋಸ್ಟರ್ಟ್‌ಗೇ ಆಯಿತಲ್ಲ. 2021ರ ಮೊದಲ ಪಂದ್ಯದಲ್ಲಿ ಎರಡು ಸಲ ಓಡಿದ, ಮಂಡಿ ಹೋಯಿತು, ಸೀಸನ್ ಮುಗಿಯಿತು. ಅದೇ ದಿನ ಅವನ ಜಾಗಕ್ಕೆ ಬಂದ ಎಲೈಜಾ ಮಿಚೆಲ್ ಅನ್ನುವ ಆರನೇ ಸುತ್ತಿನ ಹೊಸ ಹುಡುಗ 104 ಯಾರ್ಡ್ ಓಡಿದ. ಬುಧವಾರ ಫ್ಯಾಂಟಸಿ ಲೋಕದಲ್ಲೆಲ್ಲ ಅವನದೇ ಹೆಸರು.

ನನ್ನ ಕೀಟನ್ ಮಿಚೆಲ್‌ಗೂ ಆಯಿತು. ಸಿಯಾಟಲ್ ನಂತರದ ವಾರ ಕ್ಲೀವ್‌ಲ್ಯಾಂಡ್ ವಿರುದ್ಧ ಮತ್ತೊಂದು ಟಚ್‌ಡೌನ್, 39 ಯಾರ್ಡ್. ಆಮೇಲೆ ನಿಧಾನವಾಗಿ ಚೆಂಡು ಹೆಚ್ಚು ಸಿಗೋಕೆ ಶುರುವಾಯ್ತು. ಡಿಸೆಂಬರ್ 17, ಭಾನುವಾರ ರಾತ್ರಿ, ಜ್ಯಾಕ್ಸನ್‌ವಿಲ್ ವಿರುದ್ಧ. ನಮ್ಮ ಲೀಗಿನ ಸೆಮಿಫೈನಲ್ ಕೂಡ ಅವತ್ತೇ. ಟೆಸ್ಟಿಂಗ್ ಲೀಡ್ ಮನೆಯಲ್ಲಿ ಐದಾರು ಜನ ಸೇರಿದ್ದೆವು. ನಾನು ಚಿತ್ರಾನ್ನ ಮಾಡಿಕೊಂಡು ಹೋಗಿದ್ದೆ, ಬೇಗ ಖಾಲಿ ಆಯಿತು ಅನ್ನೋದು ಬೇರೆ ವಿಷಯ. ಮಿಚೆಲ್ ಒಂಬತ್ತು ಓಟದಲ್ಲಿ 73 ಯಾರ್ಡ್ ಓಡಿದ್ದ. ನಾನು ಸೋಫಾದ ತುದಿಗೆ ಬಂದಿದ್ದೆ. ಆಮೇಲಿನ ಒಂದು ಆಟದಲ್ಲಿ ಅವನ ಎಡ ಮಂಡಿ ಒಳಕ್ಕೆ ಮಡಚಿತು. ಗಾಡಿ ತಂದು ಕೂರಿಸಿಕೊಂಡು ಹೋದರು. ಮಂಡಿಯ ಲಿಗಮೆಂಟ್ ಹರಿದಿತ್ತು.

ಗಾಡಿ ಮೈದಾನ ದಾಟುವುದರೊಳಗೆ ಲೀಗಿನ ಗ್ರೂಪಿನಲ್ಲಿ ಮೆಸೇಜ್ ಬಂತು: “ಬಾಲ್ಟಿಮೋರಿಗೆ ಈಗ ಮುಂದಿನವನು ಯಾರು?” ಕಳಿಸಿದವನು ಕೆಟ್ಟವನಲ್ಲ, ನನಗೆ ಮನೆ ಹುಡುಕಿಕೊಟ್ಟವನೇ ಅವನು. ಕೋಣೆಯಲ್ಲಿ ಎಲ್ಲರ ಮೊಬೈಲೂ ಒಟ್ಟಿಗೆ ಗುಂಯ್ ಅಂದವು. ಟೆಸ್ಟಿಂಗ್ ಲೀಡ್ ಮಾತ್ರ ಟಿವಿ ಕಡೆಯೇ ನೋಡ್ತಾ, “ಇಪ್ಪತ್ತೊಂದು ವರ್ಷ ಅವನಿಗೆ” ಅಂದರು, ಯಾರಿಗೂ ಅಲ್ಲ ಅನ್ನುವ ಹಾಗೆ. ಅವರಿಗೆ ಅವನ ಅಪ್ಪ ನೆನಪಿಗೆ ಬಂದಿರಬೇಕು. ನನಗೆ ಕಂಡಿದ್ದು ಮೇಲಕ್ಕೆ ಕಟ್ಟಿದ ಆ ಇನ್ನೊಂದು ಕಾಲು.

ವರ್ಷದ ಲೆಕ್ಕ 47 ಓಟ, 396 ಯಾರ್ಡ್, ಓಟಕ್ಕೆ 8.4. ಮುಂದಿನ ಮಾರ್ಚಿನಲ್ಲಿ ರೇವನ್ಸ್‌ನವರು ಡೆರಿಕ್ ಹೆನ್ರಿಯನ್ನು ತಂದರು. ನೂರಹನ್ನೆರಡು ಕೇಜಿಯ ಆಸಾಮಿ. ದಪ್ಪಗಿದ್ದೂ ವೇಗವಾಗಿರುವ ಅಪರೂಪದ ಪ್ರಾಣಿ. 2024ರಲ್ಲಿ ಅವನೊಬ್ಬನೇ 1,921 ಯಾರ್ಡ್ ಓಡಿದ. ಮಿಚೆಲ್ ನವೆಂಬರಿನಲ್ಲಿ ವಾಪಸ್ ಬಂದ, ಆದರೆ ಇಡೀ ಸೀಸನ್ನಿನಲ್ಲಿ ಚೆಂಡು ಕೈಗೆ ಸಿಕ್ಕಿದ್ದು ಇಪ್ಪತ್ತು ಸಲವೂ ಇಲ್ಲ. ಮಂಡಿ ಆಪರೇಷನ್ ಆದ ಓಟಗಾರ ಮೊದಲ ವರ್ಷ ಓಡೋಕೆ ಬರ್ತಾನೆ, ಹಳೇ ವೇಗಕ್ಕೆ ಬರೋದು ಎರಡನೇ ವರ್ಷ ಅಂತ ಹೇಳ್ತಾರೆ. ವೇಗವೇ ಬಂಡವಾಳ ಆಗಿರುವವನಿಗೆ ಅದರಲ್ಲಿ ಹತ್ತನೇ ಒಂದು ಪಾಲು ಹೋದರೂ ಅಂಗಡಿ ಮುಚ್ಚಿದ ಹಾಗೆ. ದಪ್ಪಗಿನವನು ಸ್ವಲ್ಪ ನಿಧಾನವಾದರೆ ಯಾರಿಗೂ ಗೊತ್ತಾಗಲ್ಲ.

2024ರ ಆಗಸ್ಟಿನ ನಮ್ಮ ಡ್ರಾಫ್ಟಿನಲ್ಲಿ ನಾನು ಅವನನ್ನು ಕೊನೇ ಸುತ್ತಿನಲ್ಲಿ ತಗೊಂಡೆ. ಎಲ್ಲರೂ ನಕ್ಕರು. ಗಾಯಾಳುಗಳ ಪಟ್ಟಿಗೆ ಅಂತಲೇ ಒಂದು ಜಾಗ ಇರುತ್ತೆ ನೋಡಿ, ಅಲ್ಲಿ ಇಟ್ಟರೆ ಬೆಂಚಿನ ಜಾಗ ಖರ್ಚಾಗಲ್ಲ. ಲೆಕ್ಕದ ಪ್ರಕಾರವೂ ತಪ್ಪಿಲ್ಲ ಬಿಡಿ. ಹೆನ್ರಿಗೆ ಆಗಲೇ ಮೂವತ್ತಾಗಿತ್ತು. ಇದೇ ವಾಕ್ಯವನ್ನು ಬರೆಯುವಾಗ ನಾನು ಏನನ್ನು ಕಾಯ್ತಾ ಇದ್ದೆ ಅಂತ ನಿಮಗೂ ಗೊತ್ತಾಯ್ತಲ್ಲ... ಹೆನ್ರಿಗೆ ಆ ವರ್ಷ ಏನೂ ಆಗಲಿಲ್ಲ. ಹದಿನೇಳಕ್ಕೆ ಹದಿನೇಳು ಪಂದ್ಯ ಆಡಿದ.

ನೀವು ಯಾರಾದ್ರೂ ಇಂಥ ಲೀಗಿಗೆ ಸೇರಿಕೊಂಡರೆ (ಅಮೆರಿಕದಲ್ಲಿರುವವರು ಒಂದಲ್ಲ ಒಂದು ದಿನ ಸೇರ್ತೀರಿ, ತಪ್ಪಿಸಿಕೊಳ್ಳೋಕೆ ಆಗಲ್ಲ) ನನ್ನ ಅಭಿಪ್ರಾಯ ಇಷ್ಟು. ವೇಗದ ಎರಡನೇ ಓಟಗಾರ ಬೆಂಚಿನಲ್ಲಿ ಒಬ್ಬ ಇರಲಿ, ಇಬ್ಬರು ಬೇಡ. ಹತ್ತನೇ ಸುತ್ತಿಗಿಂತ ಮೇಲೆ ಅವನಿಗೆ ಕೈ ಹಾಕಬೇಡಿ. ಅವನ ನಲವತ್ತು ಯಾರ್ಡ್ ಟೈಮಿಗಿಂತ ಅವನ ಕ್ವಾರ್ಟರ್‌ಬ್ಯಾಕ್ ಯಾರು, ಮೂರನೇ ಅವಕಾಶಕ್ಕೆ ಒಳಗೆ ಬರುವವನು ಯಾರು ಅಂತ ನೋಡಿ. ಒಂದು ಒಳ್ಳೆ ಪಂದ್ಯ ಆಡಿದ ಮಂಗಳವಾರ ನೂರರಲ್ಲಿ ಮೂವತ್ತು ಹಾಕೋಕೆ ಹಿಂಜರಿಯಬೇಡಿ, ನಾನು ಈಗಲೂ ಅಷ್ಟೇ ಹಾಕ್ತೀನಿ. ಗ್ರೂಪಿನ ಮೆಸೇಜುಗಳಿಗೆ ಮಾತ್ರ ಭಾನುವಾರ ರಾತ್ರಿ ಸದ್ದು ಬರದ ಹಾಗೆ ಮಾಡಿಟ್ಟಿದ್ದೀನಿ.